ದೋಹಾದ ಅಜ್ಟೆಕರು, ಹಲಸಿನ ಮುಚ್ಚಿಗೆ

ಬೆಳಿಗ್ಗೆ ಹತ್ತೂಕಾಲಿಗೆ ಬೆಂಗಳೂರು ಬಿಟ್ಟ ವಿಮಾನ ನಾಲ್ಕೂವರೆ ಗಂಟೆ ಹಾರಿ ದೋಹಾದಲ್ಲಿ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಇನ್ನೂ ಹನ್ನೆರಡೂಕಾಲು. ಜನವರಿಯ ಕೊನೆಯ ವಾರ. ಮರಳುಗಾಡಿನ ಊರು ಎಂದುಕೊಂಡು ತೆಳು ಹತ್ತಿ ಸೀರೆಗಳನ್ನೇ ತುಂಬಿಕೊಂಡು ಹೋಗಿದ್ದೆ. ಹೊರಗೆ ಬಂದರೆ ಚಳಿಗಾಳಿ, ಗಾಳಿಯಲ್ಲಿ ಹಿಟ್ಟಿನಂಥ ಧೂಳು. ನನ್ನ ತಂಗಿಯ ಮಗಳು ವಿದ್ಯಾ ಆಫೀಸಿನ ಊಟದ ಬಿಡುವಿನಲ್ಲಿ ಕರೆದೊಯ್ಯಲು ಬಂದಿದ್ದಳು. ನನ್ನನ್ನು ನೋಡಿದವಳೇ ಕಾರಿನ ಹಿಂದಿನ ಸೀಟಿನಿಂದ ಉಣ್ಣೆಯ ಶಾಲು ತೆಗೆದು ಹೊದಿಸಿದಳು.

"ಸ್ವೆಟರ್ ಇಟ್ಕೊಳ್ಳಿ ಅಂತ ಎರಡು ಸಲ ಹೇಳಿದ್ನಲ್ಲ ದೊಡ್ಡಮ್ಮ."

ಅವಳ ಮನೆ ಇರುವ ಮುಐದರ್ ಅಲ್ಲಿಂದ ಇಪ್ಪತ್ತೈದು ಕಿಲೊಮೀಟರು. ದಾರಿಯ ಎರಡೂ ಕಡೆ ಮಣ್ಣಿನ ಬಣ್ಣದ ಎತ್ತರದ ಕಾಂಪೌಂಡುಗಳು, ಅವುಗಳ ಮೇಲೆ ಇಣುಕುವ ಬೋಗನ್‌ವಿಲ್ಲಾ. ಒಂದು ದೊಡ್ಡ ವಿಲ್ಲಾವನ್ನು ಐದು ಪಾಲು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಅದರಲ್ಲೊಂದು ಪಾಲು ಇವರದು. ವಿದ್ಯಾಳ ಗಂಡ ಕಂಪನಿ ಕೆಲಸದ ಮೇಲೆ ಮಸ್ಕತ್‌ಗೆ ಹೋಗಿದ್ದ. ಆ ಸಂಜೆ ನಾವಿಬ್ಬರೇ ಅನ್ನ, ಸಾರು, ಹಪ್ಪಳ ಮುಂದಿಟ್ಟುಕೊಂಡು ಕೂತಾಗ ಅವಳು ಕೇಳಿದಳು, "ಮ್ಯೂಸಿಯಂ ನೋಡೋಕೆ ಬಂದ್ರಿ ಅನ್ನೋದು ಸರಿ. ನೀವು ಫೋನಲ್ಲಿ ಹೇಳಿದ ಆ ಮೆಸಯೀದ್ ಊರಿನವರು ಯಾರು?"

"ನನ್ನ ಹಳೇ ವಿದ್ಯಾರ್ಥಿ. ಹಮೀದ್ ಅಂತ."

"ತುಂಬ ಬೇಕಾದವ್ರಾ?"

"ಇಲ್ಲ," ಎಂದೆ. "ನಾನು ಹಾಳು ಮಾಡಿದವನು."

ಅವಳು ಮಜ್ಜಿಗೆ ಬಡಿಸಿದಳು. ಓದುವವರಿಗೆ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ.

ಮೈಸೂರಿನ ಒಂದು ಕಲಾಶಾಲೆಯಲ್ಲಿ ಮೂವತ್ತೆರಡು ವರ್ಷ ಕಲೆಯ ಇತಿಹಾಸ ಕಲಿಸಿದವಳು ನಾನು. ಪ್ರಪಂಚದ ಕಲೆಯನ್ನೆಲ್ಲ ಎರಡು ವರ್ಷದಲ್ಲಿ ಮುಗಿಸಬೇಕಾಗಿತ್ತು. ಮೆಕ್ಸಿಕೊದ ಅಜ್ಟೆಕರ ಪಾಲಿಗೆ ಬರುತ್ತಿದ್ದುದು ಒಂದೂವರೆ ಗಂಟೆ, ಹನ್ನೊಂದು ಸ್ಲೈಡು. ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಿದ್ದೆ. ಅಜ್ಟೆಕರು ತಡವಾಗಿ ಬಂದವರು. ಅವರ ಅನೇಕ ದೇವರುಗಳೂ ದೇವಾಲಯದ ಆಕಾರವೂ ತೆಯೊತಿಹುವಾಕಾನ್ ಎಂಬ ಪಾಳುಬಿದ್ದ ನಗರದಿಂದ ಬಂದವು. ಶಿಲ್ಪದ ಭಂಗಿಗಳು ಅವರಿಗಿಂತ ಮುಂಚಿನ ತೊಲ್ತೆಕರವು. ಚಿನ್ನದ ಮತ್ತು ಫಿರೋಜಾ ಕಲ್ಲಿನ ಕುಸುರಿ ನೆರೆಯ ಮಿಶ್ತೆಕರ ಕೈಯದು. ಅವರ ಸ್ವಂತದ್ದು ಏನು ಎಂದು ಹುಡುಕಿದರೆ ಹಾವುಗಳ ಲಂಗ ತೊಟ್ಟ ಭೂದೇವಿಯ ಒಂದು ಘೋರ ವಿಗ್ರಹ ಸಿಕ್ಕೀತು, ಅಷ್ಟೆ. ಪಾಠದ ಕೊನೆಗೆ ಬೋರ್ಡಿನ ಮೇಲೆ 'ಬಳುವಳಿ ಕಲೆಯಲ್ಲ' ಎಂದು ಬರೆದು ಕೆಳಗೊಂದು ಗೆರೆ ಎಳೆಯುತ್ತಿದ್ದೆ.

ಹಮೀದ್ ಆ ಪಾಠ ಕೇಳಿದವನು. ನೇತ್ರಾವತಿ ದಂಡೆಯ ಒಂದು ಸಣ್ಣ ಊರಿನ ಬ್ಯಾರಿ ಹುಡುಗ, ಶಿಲ್ಪ ವಿಭಾಗದಲ್ಲಿದ್ದ. ಅವನ ತಂದೆ ಮರದ ಕೆತ್ತನೆಯವರು. ಕೊನೆಯ ವರ್ಷದ ಪರೀಕ್ಷೆಗೆ ಅವನು ನಾಲ್ಕಡಿಯ ಹಲಸಿನ ಹಲಗೆಯ ಮೇಲೆ ಒಂದು ಬಳ್ಳಿ ಕೆತ್ತಿ ತಂದಿದ್ದ. ಮೂವರು ಪರೀಕ್ಷಕರಲ್ಲಿ ಇಬ್ಬರಿಗೆ ಅದು ಇಷ್ಟವಾಗಿತ್ತು. ನಾನು ಒಪ್ಪಲಿಲ್ಲ. "ಇದು ಇವನದಲ್ಲ, ಇವನ ಅಪ್ಪನ ಕೈ," ಎಂದು ವಾದಿಸಿ ಅಂಕ ಇಳಿಸಿದೆ. ಟಿಪ್ಪಣಿಯ ಜಾಗದಲ್ಲಿ 'ನಕಲು. ಹೊಸತು ಏನೂ ಇಲ್ಲ' ಎಂದು ನನ್ನ ಕೈಯಾರೆ ಬರೆದೆ. ಬರೋಡದಲ್ಲಿ ಮುಂದೆ ಓದಲು ಅವನಿಗೆ ಮೊದಲ ದರ್ಜೆ ಬೇಕಿತ್ತು. ಅದು ತಪ್ಪಿತು. ಎರಡು ವರ್ಷದ ಮೇಲೆ ಅವನು ಗಲ್ಫ್‌ಗೆ ಹೋದನೆಂದು ಯಾರೋ ಹೇಳಿದರು. ನಾನು ಆಗ "ಹೌದಾ" ಎಂದಿದ್ದೆ.

ನಿವೃತ್ತಿಯಾದ ಮೇಲೆ, ಓದಲು ಪುರುಸೊತ್ತು ಸಿಕ್ಕಿದ ಮೇಲೆ, ನಾನು ಕಲಿಸಿದ್ದರಲ್ಲಿ ಎಷ್ಟು ಭಾಗ ಅವಸರದ ಮಾತು ಎಂದು ತಿಳಿಯುತ್ತ ಹೋಯಿತು. ಕಳೆದ ವರ್ಷ ಹಳೆಯ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗುಂಪಿನಲ್ಲಿ ಹಮೀದನ ನಂಬರು ಬಂತು. ಆರು ತಿಂಗಳು ಅದನ್ನು ಮುಟ್ಟಲಿಲ್ಲ. ಆಮೇಲೆ ವಿದ್ಯಾ ಒಂದು ಫೋಟೊ ಕಳಿಸಿದಳು: ದೋಹಾದ ಒಂದು ವಸ್ತುಸಂಗ್ರಹಾಲಯದಲ್ಲಿ ಅಜ್ಟೆಕರ ಶಿಲ್ಪಗಳ ಪ್ರದರ್ಶನ, ಮೆಕ್ಸಿಕೊದಿಂದ ತರಿಸಿದ್ದು. 'ನೀವು ಪಾಠ ಮಾಡ್ತಿದ್ದದ್ದು ಇದೇ ಅಲ್ವಾ?' ಎಂದು ಕೇಳಿದ್ದಳು. ಅವಳು ನೆಪ ಕೊಟ್ಟಳು, ನಾನು ಹೊರಟೆ.

ಮರುದಿನ ಬುಧವಾರ ಬೆಳಿಗ್ಗೆ ಧೈರ್ಯ ಮಾಡಿ ಫೋನ್ ಮಾಡಿದೆ. ಹಿಂದೆ ಯಂತ್ರಗಳ ಸದ್ದು. ಹೆಸರು ಹೇಳಿ, ದೋಹಾಕ್ಕೆ ಬಂದಿದ್ದೇನೆ ಎಂದೆ.

"ಮೇಡಂ, ನೀವು ದೋಹಾದಲ್ಲಾ?"

"ಮುಐದರ್‌ನಲ್ಲಿ. ಸೋಮವಾರದವರೆಗೆ ಇರುತ್ತೇನೆ."

"ಶುಕ್ರವಾರ ನನಗೆ ರಜೆ ಉಂಟು. ಜುಮ್ಮಾ ನಮಾಜು ಮುಗಿಸಿ ನಾನೇ ಬರ್ತೇನೆ. ನೀವು ಟ್ಯಾಕ್ಸಿಗೆಲ್ಲ ಹೋಗ್ಬೇಡಿ, ಇಲ್ಲಿ ದಾರಿ ತಪ್ತದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದ ನನಗೆ ಸಮಾಧಾನವೂ ಆಗಲಿಲ್ಲ.

ಗುರುವಾರ ಒಬ್ಬಳೇ ಪ್ರದರ್ಶನಕ್ಕೆ ಹೋದೆ. ವಿದ್ಯಾ ಆಫೀಸಿಗೆ ಹೋಗುವಾಗ ಮೆಟ್ರೊ ನಿಲ್ದಾಣದಲ್ಲಿ ಇಳಿಸಿದಳು. ಎಲ್ಲಿಂದ ಎಲ್ಲಿಗಾದರೂ ಎರಡು ರಿಯಾಲು. ಮುಶೈರಿಬ್‌ನಲ್ಲಿ ಗಾಡಿ ಬದಲಿಸಿ ಸಮುದ್ರದ ಕಡೆಗೆ ಹೋಗಬೇಕು. ಬೋಗಿಯಲ್ಲಿ ನನ್ನ ಪಕ್ಕ ಕೂತವರು ಮಲಯಾಳದಲ್ಲಿ ಅಕ್ಕಿಯ ವಿಷಯ ಮಾತಾಡುತ್ತಿದ್ದರು, ಎದುರಿನವರು ನಿದ್ದೆ ಮಾಡುತ್ತಿದ್ದರು. ಹೊರಗೆ ಬಂದಾಗ ಗಾಳಿ ಎಷ್ಟಿತ್ತೆಂದರೆ ಶಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡೆಯಬೇಕಾಯಿತು.

ಪ್ರದರ್ಶನ ದೊಡ್ಡದಲ್ಲ. ನಾಲ್ಕು ಕೋಣೆ, ಮಬ್ಬು ಬೆಳಕು. ಮೊದಲ ಕೋಣೆಯಲ್ಲಿ ಕಲ್ಲಿನ ಕುಂಬಳಕಾಯಿ, ಕೆಂಪು ಕಲ್ಲಿನ ಮಿಡತೆ, ಒಂದು ನಾಯಿ. ಮೂವತ್ತೆರಡು ವರ್ಷ ಇವರ ಪಾಠ ಮಾಡಿದವಳಿಗೆ ಇವರು ಕುಂಬಳಕಾಯಿಯನ್ನು ಇಷ್ಟು ಪ್ರೀತಿಯಿಂದ ಕಡೆದಿದ್ದರು ಎಂದು ಗೊತ್ತಿರಲಿಲ್ಲ. ನನ್ನ ಹನ್ನೊಂದು ಸ್ಲೈಡುಗಳಲ್ಲಿ ಅದು ಇರಲಿಲ್ಲ. ಎರಡನೆಯ ಕೋಣೆಯಲ್ಲಿ ಸುರುಳಿ ಸುತ್ತಿ ಮಲಗಿದ ಹಾವು. ನಾನು ಮುಂದೆ ದಾಟಿ ಹೋಗುತ್ತಿದ್ದಾಗ ಅಲ್ಲಿ ಕಾವಲಿಗಿದ್ದ ನೇಪಾಳದ ಹೆಂಗಸು ಕರೆದು, "ಕೆಳಗೆ ನೋಡಿ ಅಮ್ಮಾ, ಎಲ್ಲರೂ ಬಿಟ್ಟು ಹೋಗ್ತಾರೆ," ಎಂದು ಹಿಂದಿಯಲ್ಲಿ ಹೇಳಿದಳು. ಹಾವನ್ನು ಗಾಜಿನ ಮೇಲೆ ಇಟ್ಟು ಅಡಿಯಲ್ಲಿ ಕನ್ನಡಿ ಕೂರಿಸಿದ್ದರು. ಬಗ್ಗಿ ನೋಡಿದೆ. ಯಾವಾಗಲೂ ನೆಲಕ್ಕೆ ಅಂಟಿಕೊಂಡೇ ಇರುವ ಆ ಹೊಟ್ಟೆಯ ಕಡೆಯನ್ನೂ ಶಿಲ್ಪಿ ಪಟ್ಟಿ ಪಟ್ಟಿಯಾಗಿ, ಒಂದನ್ನೂ ಬಿಡದೆ ಕೆತ್ತಿದ್ದ.

ಮೂರನೆಯ ಕೋಣೆಯಲ್ಲಿ ನನ್ನ ಪಾಠ ಮುಗಿದುಹೋಯಿತು. ಅಂಗೈಯಷ್ಟು ಅಗಲದ ಹಸಿರು ಕಲ್ಲಿನ ಮುಖವಾಡ. ಮೂಲ ಅಲ್ಲೇ ಮೆಕ್ಸಿಕೊದಲ್ಲಿದೆ, ಇದು ಅದರ ಅಚ್ಚಿನ ಪ್ರತಿ ಎಂದು ಪ್ರಾಮಾಣಿಕವಾಗಿ ಬರೆದಿದ್ದರು. ಅಜ್ಟೆಕರು ಅದನ್ನು ಮಾಡಿದವರಲ್ಲ. ಅವರ ಕೈಗೆ ಸಿಗುವ ಹೊತ್ತಿಗೆ ಅದಕ್ಕೆ ಎರಡು ಸಾವಿರ ವರ್ಷ ವಯಸ್ಸಾಗಿತ್ತು. ಯಾರದೋ ಹಳೆಯ ಜನರದೆಂದು ಗೊತ್ತಿದ್ದೇ ಅದನ್ನು ತಂದು, ತಮ್ಮ ದೊಡ್ಡ ದೇವಾಲಯದ ತಳದಲ್ಲಿ, ದೇವರಿಗೆ ಕೊಡುವ ಎಲ್ಲಕ್ಕಿಂತ ಅಮೂಲ್ಯ ವಸ್ತುಗಳ ಜೊತೆ ಇಟ್ಟು ಮುಚ್ಚಿದ್ದರು. ಪಾಳುನಗರಗಳಿಗೆ ಹೋಗಿ ಅಗೆದು ತರುತ್ತಿದ್ದರಂತೆ. ತಮ್ಮಲ್ಲಿ ಒಳ್ಳೆಯ ಕಲಾವಿದನನ್ನು ಅವರು ಕರೆಯುತ್ತಿದ್ದುದು 'ತೊಲ್ತೆಕ' ಎಂದೇ. ತಮಗಿಂತ ಮುಂಚಿನ ಜನರ ಹೆಸರೇ ಕಲಾವಿದ ಎಂಬ ಪದವಾಗಿತ್ತು. ಅದೇ ಗೋಡೆಯ ಮೇಲೆ ಇನ್ನೊಂದು ಮಾತೂ ಇತ್ತು. ಅವರ ರಾಜನೊಬ್ಬ ಹಳೆಯ ಚಿತ್ರಗ್ರಂಥಗಳನ್ನು ರಾಶಿ ಹಾಕಿ ಸುಡಿಸಿ, ಇತಿಹಾಸವನ್ನು ತಮ್ಮಿಂದಲೇ ಶುರುಮಾಡಿಸಿದನೆಂದು ಹೇಳುತ್ತಾರೆ.

ನಾನು ನೆಲದ ಮೇಲೆ ಕೂರುವಷ್ಟು ದಣಿದಿದ್ದೆ. ಕಾವಲಿನ ಹೆಂಗಸು ತನ್ನ ಸ್ಟೂಲು ತಂದು ಕೊಟ್ಟಳು.

ಶುಕ್ರವಾರ ಎರಡು ಗಂಟೆಗೆ ಹಮೀದ್ ಬಂದ. ಬಾಗಿಲು ತೆಗೆದಾಗ ಗುರುತು ಹತ್ತಲಿಲ್ಲ. ತಲೆ ಪೂರ್ತಿ ಬೆಳ್ಳಗಾಗಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಖರ್ಜೂರದ ಡಬ್ಬಿ. ನನಗೆ ಬಾಯಿಗೆ ಬಂದದ್ದು, "ಬನ್ನಿ ಹಮೀದ್, ಹೇಗಿದ್ದೀರಿ?"

"ಎಂತ ಮೇಡಂ, ನನಗೆ ಬಹುವಚನ ಹಾಕ್ತೀರಾ? ಮೊದಲಿನ ಹಾಗೆ ಕರೀರಿ."

ವಿದ್ಯಾ ಕಾಫಿ ಕೊಟ್ಟಳು. ಅವನು ಬೇಗ ಕುಡಿದು, "ಯಲ್ಲಾ, ಹೊರಡುವ ಮೇಡಂ, ಊಟ ಮಾಡುವ, ಹಸಿದಿರ್ಬಹುದು," ಎಂದು ಕಾರಿನ ಬಾಗಿಲು ತೆರೆದ. ದೋಹಾ ಅಲ್ ಜದೀದಾದ ಒಂದು ಒಳರಸ್ತೆಯಲ್ಲಿ ಮಂಗಳೂರು ಕಡೆಯವರ ಹೋಟೆಲು. ಮೇಜು ಒರೆಸುವವರಿಂದ ಹಿಡಿದು ಗಲ್ಲಾದಲ್ಲಿ ಕೂತವರವರೆಗೆ ಎಲ್ಲರೂ ಅವನ ಜೊತೆ ಬ್ಯಾರಿಯಲ್ಲಿ ಮಾತಾಡಿದರು. ನಾನು ಮಾಂಸ ತಿನ್ನುವುದಿಲ್ಲವೆಂದು ಅವನಿಗೆ ನೆನಪಿತ್ತು. ನನ್ನ ತಟ್ಟೆಗೆ ನೀರುದೋಸೆ, ಕಾಯಿಚಟ್ನಿ, ಅಲಸಂಡೆ ಪಲ್ಯ ತರಿಸಿದ; ಹದಿನೆಂಟು ರಿಯಾಲು, ಕೊಡಲು ಬಿಡಲಿಲ್ಲ.

ಮೆಸಯೀದ್‌ನ ಒಂದು ಪೆಟ್ರೋಕೆಮಿಕಲ್ ಸ್ಥಾವರದಲ್ಲಿ ಅವನು ಪೈಪುಗಳ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್. ಇಪ್ಪತ್ತಾರು ವರ್ಷದಿಂದ ಅಲ್ಲೇ. ಹೆಂಡತಿ ಜೊತೆಗಿದ್ದಾಳೆ, ಮಗಳಿಗೆ ಮದುವೆಯಾಗಿ ಶಾರ್ಜಾದಲ್ಲಿದ್ದಾಳೆ.

"ಕೆಲಸ ಹಿಡಿಸಿತೇ?" ಎಂದೆ.

"ಒಳ್ಳೆ ಕೆಲಸ ಮೇಡಂ. ಇಲ್ಲಿ ಸ್ವಂತಿಕೆ ಬೇಡ. ಒಂದು ಮಿಲಿಮೀಟರ್ ಸ್ವಂತಿಕೆ ತೋರಿಸಿದ್ರೆ ಗ್ಯಾಸ್ ಲೀಕ್."

ನಗುತ್ತಲೇ ಹೇಳಿದ. ನನಗೆ ನಗಲು ಆಗಲಿಲ್ಲ. ದೋಸೆಯನ್ನು ಮಡಚಿ ಬಿಚ್ಚುತ್ತ, "ಒಂದು ಪ್ರದರ್ಶನ ಇದೆ, ನನ್ನ ಜೊತೆ ನೋಡುತ್ತೀಯಾ?" ಎಂದು ಕೇಳಿದೆ. ಅವನು ಗಡಿಯಾರ ನೋಡಿದ. ಬೇಡ ಎನ್ನುತ್ತಾನೆಂದುಕೊಂಡೆ. "ಮ್ಯೂಸಿಯಂ ಒಳಗೆ ನಾನು ಒಮ್ಮೆಯೂ ಹೋಗ್ಲಿಲ್ಲ ಇಲ್ಲಿ," ಎಂದು ಎದ್ದ.

ಒಳಗೆ ಅವನು ನಿಧಾನವಾಗಿ ನಡೆದ. ಮರಕೆಲಸದವರ ಮಗ; ವಸ್ತುವನ್ನು ನೋಡುವ ಮೊದಲು ಉಳಿಯ ಗುರುತು ನೋಡುತ್ತಿದ್ದ. ಹಾವಿನ ಹತ್ತಿರ ಬಂದಾಗ ಯಾರೂ ಹೇಳದೆಯೇ ಮಂಡಿಯೂರಿ ಕನ್ನಡಿಯಲ್ಲಿ ನೋಡಿದ. ತುಂಬ ಹೊತ್ತು ಏಳಲಿಲ್ಲ.

"ಅಡಿಯನ್ನೂ ಬಿಡ್ಲಿಲ್ಲ ನೋಡಿ. ಅಪ್ಪನೂ ಹಾಗೆ. ಮುಚ್ಚಿಗೆ ಹಲಗೆಯ ಮೇಲ್ಬದಿ, ಮಾಡಿನ ಕಡೆ ಇರುವ ಬದಿ, ಅದನ್ನು ಯಾರು ನೋಡ್ತಾರೆ? ಅಲ್ಲಿಯೂ ಒಂದು ಸಣ್ಣ ಹೂ ಕೆತ್ತಿ ಬಿಡ್ತಿದ್ರು. ಯಾಕೆ ಅಂತ ಕೇಳಿದ್ರೆ, 'ಹಲಗೆ ಎರಡೂ ಕಡೆ ಹಲಗೆಯೇ ಅಲ್ವಾ' ಅಂತಿದ್ರು."

ಮುಚ್ಚಿಗೆ ಎಂದರೆ ಕರಾವಳಿಯಲ್ಲಿ ಮಾಡಿನ, ಅಂದರೆ ಹೆಂಚಿನ ಸೂರಿನ, ಕೆಳಗೆ ಹಾಸುವ ಹಲಗೆಯ ಒಳಛಾವಣಿ. ಅವನ ಊರಿನ ಹಳೆಯ ಮಸೀದಿಯ ಮುಚ್ಚಿಗೆಯನ್ನು ಅವನ ಅಜ್ಜ ಶುರು ಮಾಡಿ ಅಪ್ಪ ಮುಗಿಸಿದ್ದರೆಂದು ಅವನು ವಿದ್ಯಾರ್ಥಿಯಾಗಿದ್ದಾಗಲೇ ಹೇಳಿದ್ದ. ನಾನು ಅದನ್ನು ಅವನ ವಿರುದ್ಧವೇ ಬಳಸಿದ್ದೆ.

ಹಸಿರು ಮುಖವಾಡದ ಮುಂದೆ ನಾನು ನಿಂತೆ. ಅದು ಯಾರದು, ಯಾರು ಎಲ್ಲಿ ಇಟ್ಟಿದ್ದರು ಎಂದು ವಿವರಿಸಿದೆ. ಕಲಾವಿದ ಎಂಬುದಕ್ಕೆ ಅವರು ಬಳಸುತ್ತಿದ್ದ ಪದವನ್ನೂ ಹೇಳಿದೆ. ಇಷ್ಟು ವರ್ಷ ಪಾಠ ಮಾಡಿ ಅಭ್ಯಾಸವಾಗಿದ್ದರಿಂದ ಮಾತು ಸರಾಗವಾಗಿ ಬಂತು. ಆಮೇಲೆ ನಿಂತುಹೋಯಿತು.

"ಹಮೀದ್, ನಾನು ನಿಮಗೆಲ್ಲ ಇವರನ್ನು ತಪ್ಪಾಗಿ ಹೇಳಿಕೊಟ್ಟೆ. ಅದಕ್ಕಿಂತ ನಿನ್ನ ಹಲಗೆಯ ಮೇಲೆ ಬರೆದದ್ದು ದೊಡ್ಡ ತಪ್ಪು. ಅದು ನಕಲು ಆಗಿರಲಿಲ್ಲ. ಅದನ್ನು ಹೇಳುವುದಕ್ಕೇ ಬಂದೆ."

ಅವನು ಮುಖವಾಡವನ್ನೇ ನೋಡುತ್ತಿದ್ದ. "ನೀವು ಹಲಗೆಯ ಬಲಗಡೆ ನೋಡಿದ್ರಾ ಮೇಡಂ, ಆವತ್ತು?"

"ನೆನಪಿಲ್ಲ."

"ಅಪ್ಪನ ಬಳ್ಳಿ ಮೂಲೆಗೆ ಬಂದ್ರೆ ತಿರುಗ್ತದೆ. ಚೌಕಟ್ಟಿನ ಒಳಗೇ ಸುತ್ತು ಬರ್ತದೆ. ನನ್ನದು ತಿರುಗ್ಲಿಲ್ಲ. ಬಲಗಡೆ ಮೂಲೆಯಲ್ಲಿ ಚೌಕಟ್ಟನ್ನು ಕಡಿದು ಹೊರಗೆ ಹೋಯ್ತು. ಎರಡು ತಿಂಗಳು ಕೂತು ಅದೊಂದು ಮೂಲೆ ಮಾಡಿದ್ದು. ನೀವು ಎಡಗಡೆಯಿಂದ ಅರ್ಧ ನೋಡಿ ಬರೀಲಿಕ್ಕೆ ಶುರು ಮಾಡಿದ್ರಿ. ನಾನು ಬಾಗಿಲ ಹತ್ರ ನಿಂತಿದ್ದೆ."

ಹಲಗೆ ಎಲ್ಲಿದೆ ಎಂದು ಕೇಳಿದೆ. ಬಸ್ಸಿನಲ್ಲಿ ತರಲು ಆಗದೆ ಹಾಸ್ಟೆಲಿನಲ್ಲೇ ಬಿಟ್ಟಿದ್ದನಂತೆ. ಆ ಹಾಸ್ಟೆಲನ್ನು ಕೆಡವಿ ಹನ್ನೆರಡು ವರ್ಷವಾಯಿತೆಂದು ನನಗೆ ಗೊತ್ತಿತ್ತು.

ಹೊರಗೆ ಬಂದು ಸಮುದ್ರದ ದಂಡೆಯ ಒಂದು ಬೆಂಚಿನ ಮೇಲೆ ಕೂತೆವು. ಗಾಳಿ ತಗ್ಗಿತ್ತು. ಹಳೆಯ ಮಾದರಿಯ ಮರದ ದೋಣಿಗಳು ಪ್ರವಾಸಿಗರನ್ನು ತುಂಬಿಕೊಂಡು ಹೋಗುತ್ತಿದ್ದವು. ಅವನು ಅವುಗಳನ್ನು ನೋಡುತ್ತ ಹೇಳತೊಡಗಿದ. ನಾನು ಕ್ಷಮೆ ಕೇಳಿ ಹಗುರವಾಗಲು ಹೋಗಿದ್ದೆ. ಭಾರ ಎಷ್ಟೆಂಬುದು ಆಗ ತಿಳಿಯಿತು.

"ಬರೋಡ ತಪ್ಪಿದ್ದು ಬಿಡಿ ಮೇಡಂ. ಅದು ನನಗೆ ಬೇಜಾರಿಲ್ಲ ಈಗ. ಊರಿಗೆ ಹೋದಾಗ ಅಪ್ಪ ಕೇಳಿದ್ರು, ಕಾಲೇಜಿನವರು ಎಂತ ಹೇಳಿದ್ರು ಅಂತ. ನಾನು ಹೇಳಿದೆ, 'ನಾವು ಮಾಡುವುದು ನಕಲು ಅಂತೆ' ಅಂತ. ಅಪ್ಪ ಉಳಿ ಮಸೆದು ಇಟ್ರು. ಅದನ್ನೂ ಬಿಡಿ."

ಅಂಗಿಯ ತೋಳು ಮಡಚಿಕೊಂಡು ಮುಂದುವರಿಸಿದ.

"ನಾನು ಇಲ್ಲಿ ಬಂದು ಹತ್ತು ವರ್ಷ ಆಗಿತ್ತು. ಊರಲ್ಲಿ ಮಸೀದಿ ದೊಡ್ಡದು ಮಾಡ್ಲಿಕ್ಕೆ ಹೊರಟ್ರು. ಜನ ಹೆಚ್ಚಾಗಿತ್ತು, ಜಾಗ ಸಾಕಾಗ್ತಿರ್ಲಿಲ್ಲ, ಅವರದ್ದು ತಪ್ಪಿಲ್ಲ. ಹಳೆ ಮುಚ್ಚಿಗೆ ಎಂತ ಮಾಡುದು ಅಂತ ಕಮಿಟಿಯಲ್ಲಿ ಎರಡು ಮಾತು ಬಂತು. ಉಳಿಸಿ ಹೊಸ ಕಟ್ಟಡದ ಒಳಗೆ ಕೂರಿಸುವ ಅಂತ ಕೆಲವರು. ಆಗ ಒಬ್ರು ಹೇಳಿದ್ರಂತೆ, ನಮ್ಮ ಹಮೀದ್ ಇದನ್ನೇ ಓದಿದವ, ಅವನನ್ನು ಕೇಳುವ ಅಂತ. ಫೋನ್ ಮಾಡಿದ್ರು. ನಾನು ಶಿಫ್ಟ್‌ನಲ್ಲಿದ್ದೆ. ನಿಂತಲ್ಲೇ ಹೇಳಿದೆ, 'ಅದರಲ್ಲಿ ಹೊಸತು ಏನೂ ಇಲ್ಲ. ಅಂಥದ್ದು ಎಲ್ಲ ಕಡೆ ಉಂಟು' ಅಂತ."

ನಾನು ಅವನ ಕಡೆ ತಿರುಗಿದೆ. ಅವನು ತಿರುಗಲಿಲ್ಲ.

"ಒಂದು ವಾರದಲ್ಲಿ ಬಿಚ್ಚಿದ್ರು. ಮರದ ವ್ಯಾಪಾರದವರು ಲಾರಿ ತಂದು ಕೊಂಡುಹೋದ್ರು. ಎಲ್ಲಿಗೆ ಹೋಯ್ತು ಗೊತ್ತಿಲ್ಲ. ಯಾರ ಮನೆಯ ಮೇಜು ಆಯ್ತಾ, ಕುರ್ಚಿ ಆಯ್ತಾ. ಆವತ್ತು ಅಪ್ಪ ಫೋನ್ ಮಾಡಿ ಒಂದೇ ಕೇಳಿದ್ದು, 'ನೀನೇ ಹೇಳಿದ್ದಾ?' ಅಂತ. ಹೌದು ಅಂದೆ. ಮತ್ತೆ ಆರು ವರ್ಷ ಇದ್ರು. ನಾನು ರಜೆಯಲ್ಲಿ ಹೋಗ್ತಿದ್ದೆ, ಒಟ್ಟಿಗೆ ಊಟ ಮಾಡ್ತಿದ್ದೆವು, ಎಲ್ಲ ಮಾತು ಉಂಟು. ಆ ಮಾತು ಮಾತ್ರ ಎತ್ಲಿಲ್ಲ."

"ಫೋಟೊ?" ಎಂದೆ.

"ಮದುವೆ ಫೋಟೊಗಳು ಉಂಟು. ಎಲ್ಲದರಲ್ಲೂ ಜನರ ತಲೆ. ಮೇಲೆ ಯಾರು ತೆಗೀತಾರೆ?" ಅವನು ಕೈಯಿಂದ ಮುಖ ಒರೆಸಿಕೊಂಡ. "ಅಪ್ಪನ ಕೆಲಸ ನಾನು ಕಾಪಿ ಹೊಡೀಲಿಲ್ಲ ಮೇಡಂ. ನಿಜವಾಗಿ ಕಾಪಿ ಹೊಡೆದದ್ದು ಅಂದ್ರೆ ನಿಮ್ಮ ಮಾತು. ನೀವು ಬರೆದದ್ದನ್ನು ಅಕ್ಷರ ತಪ್ಪದೆ ಹೇಳಿದೆ."

'ಆ ಮಾತು ನನ್ನದೂ ಅಲ್ಲ' ಎಂದು ಹೇಳಬಹುದಾಗಿತ್ತು. ನನ್ನ ಮೇಷ್ಟರೊಬ್ಬರು ನನ್ನ ಮೊದಲ ಪ್ರಬಂಧದ ಮೇಲೆ ಅದನ್ನೇ ಬರೆದಿದ್ದರು. ಅವರು ಯಾವುದೋ ದೇಶದ ಪುಸ್ತಕದಿಂದ ತಂದಿದ್ದರು. ಸ್ವಂತಿಕೆಯೊಂದೇ ಕಲೆ ಎಂಬ ಆ ಮಾತು ನನಗೆ ಬಳುವಳಿಯಾಗಿಯೇ ಬಂದಿತ್ತು. ಆದರೆ ಆ ಬೆಂಚಿನ ಮೇಲೆ ಅದು ನೆಪದಂತೆ ಕೇಳಿಸುತ್ತಿತ್ತು. ಹೇಳಲಿಲ್ಲ. "ತಪ್ಪಾಯಿತು," ಎಂದೆ. ಅವನು ತಲೆಯಾಡಿಸಿದ.

"ನೀವು ಬರೆದ್ರಿ, ನಾನು ನಂಬಿದೆ. ನಂಬಿದ್ದು ನನ್ನ ತಪ್ಪು. ಅಪ್ಪ ಅಡ್ಡ ಬಂದು ಒಂದು ಮಾತು ಹೇಳ್ಬಹುದಿತ್ತು, ಹೇಳ್ಲಿಲ್ಲ. ಓದಿದವ ಹೇಳಿದ್ದಾನೆ ಅಂತ ಸುಮ್ಮನಾದ್ರು. ಖಲಾಸ್ ಮೇಡಂ. ಏಳಿ, ಥಂಡಿ ಆಗ್ತದೆ."

ಮನೆಗೆ ಬಿಡುವಾಗ, ನಾಳೆ ಮೆಸಯೀದ್‌ಗೆ ಬರಬೇಕು, ಸಫಿಯಾ ಕಾಯುತ್ತಾಳೆ ಎಂದ. ಸಫಿಯಾ ಅವನ ಹೆಂಡತಿ. ಇಲ್ಲ ಎನ್ನುವ ಮುಖ ನನಗಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಹೊರಟೆವು. ಮುಐದರ್‌ನಿಂದ ಐವತ್ತು ಕಿಲೊಮೀಟರಿಗೂ ಹೆಚ್ಚು. ಊರು ಮುಗಿಯುತ್ತಿದ್ದಂತೆ ಎರಡೂ ಕಡೆ ಬೂದು ಮಣ್ಣು, ವಿದ್ಯುತ್ ಕಂಬಗಳು, ಎಲ್ಲೋ ಒಂದು ಕಡೆ ಬೇಲಿಯೊಳಗೆ ಒಂಟೆಗಳು. ದೂರದಿಂದಲೇ ಸ್ಥಾವರಗಳ ಚಿಮಣಿ ಮತ್ತು ಹಗಲಲ್ಲೂ ಉರಿಯುವ ಅನಿಲದ ಜ್ವಾಲೆ ಕಂಡವು. ಕಂಪನಿಯ ಮನೆಗಳು ಒಂದೇ ಅಚ್ಚಿನವು. ಸಾಲು ತಪ್ಪಿದರೆ ಇವತ್ತಿಗೂ ಬೇರೆಯವರ ಬಾಗಿಲು ತಟ್ಟುತ್ತೇನೆ ಎಂದು ಹಮೀದ್ ಹೇಳಿದ.

ಸಫಿಯಾ ತೆಳು ಅಕ್ಕಿರೊಟ್ಟಿ, ಕಡಲೆ ಗಸಿ ಮಾಡಿದ್ದಳು. ಹೊಸ ಪಾತ್ರೆಯಲ್ಲಿ ಮಾಡಿದ್ದೇನೆ, ಸಂಕೋಚ ಮಾಡಬೇಡಿ ಎಂದಳು. ಅಷ್ಟು ಬೇಕಿರಲಿಲ್ಲ ಎಂದೆ. "ಇವರು ನಿನ್ನೆ ಬಂದವರು ಊಟವೇ ಮಾಡ್ಲಿಲ್ಲ," ಎಂದು ಗಂಡನ ಕಡೆ ತೋರಿಸಿದಳು. "ಕಾಗದ ತೆಗೆದು ಕೂತ್ರು. ಇಷ್ಟು ವರ್ಷದಲ್ಲಿ ಮನೆಯಲ್ಲಿ ಇವರು ಪೆನ್ಸಿಲ್ ಹಿಡಿದದ್ದು ನಾನು ನೋಡಿದ್ದಿಲ್ಲ."

ಹಮೀದ್ ಮೊದಲು ಬೇಡವೆಂದ, ಆಮೇಲೆ ತಂದ. ಬಳಸಿ ಬಿಟ್ಟ ಪೈಪ್ ನಕ್ಷೆಗಳ ಹಿಂಬದಿಯಲ್ಲಿ ಬಿಡಿಸಿದ್ದ. ಮುಚ್ಚಿಗೆಯನ್ನು ನೆನಪಿನಿಂದ ಬರೆಯಲು ನೋಡಿದ್ದ. ಏಳೆಂಟು ಹಾಳೆಗಳಿದ್ದವು. ಪ್ರತಿಯೊಂದರಲ್ಲೂ ನಡುವಿನ ಹೂವು ಇತ್ತು, ಅದರಿಂದ ಹೊರಟ ಬಳ್ಳಿ ಎರಡು ಬಳುಕು ಬಳುಕಿ ಅಲ್ಲಿಗೇ ನಿಂತಿತ್ತು.

"ಇಲ್ಲಿಯವರೆಗೆ ಬರ್ತದೆ. ಮೂರನೇ ತಿರುವು ಹೇಗೆ ಅಂತ ಗೊತ್ತಾಗುದಿಲ್ಲ. ಎಲೆ ಒಳಗೆ ಬರ್ತಿತ್ತಾ, ಹೊರಗಾ." ಅವನು ನನ್ನ ಮುಂದೆಯೇ ಒಂದು ಹಾಳೆಯಲ್ಲಿ ಗೆರೆಯನ್ನು ಮುಂದುವರಿಸಲು ನೋಡಿದ. ಕೈ ಎಲ್ಲೂ ಅನುಮಾನಿಸಲಿಲ್ಲ. ಗೆರೆ ನೇರವಾಗಿ ಹೋಗಿ ಅಚ್ಚುಕಟ್ಟಾಗಿ ತಿರುಗಿತು. ಅವನು ಪೆನ್ಸಿಲ್ ಕೆಳಗಿಟ್ಟ. "ನೋಡಿ. ಇದು ಪೈಪಿನ ಬೆಂಡು. ಬಳ್ಳಿ ಅಲ್ಲ."

ಸಫಿಯಾ ಅಡುಗೆಮನೆಗೆ ಹೋದಳು. ಊರಿನಲ್ಲಿ ನಿನ್ನ ಅಪ್ಪ ಬೇರೆ ಎಲ್ಲಾದರೂ ಕೆತ್ತಿದ್ದು ಉಳಿದಿರಬಹುದು, ಯಾರದಾದರೂ ಬಾಗಿಲು, ಪೆಟ್ಟಿಗೆ. ನಾನು ಹೋಗಿ ಹುಡುಕಲೇ, ಎಂದು ಕೇಳಿದೆ. ಹಮೀದ್ ಹಾಳೆಗಳನ್ನು ಒಂದರ ಮೇಲೊಂದು ಸರಿಮಾಡಿ ಇಟ್ಟ. "ಎರಡು ಬಾಗಿಲು ಇತ್ತು. ಒಂದು ಮನೆ ಮಾರಾಟ ಆಯ್ತು. ಇನ್ನೊಂದನ್ನು ಗೆದ್ದಲು ತಿಂದಿತು. ನೀವು ಈ ವಯಸ್ಸಿನಲ್ಲಿ ಅಲ್ಲಿ ತಿರುಗ್ಬೇಡಿ ಮೇಡಂ." ಮೆತ್ತಗೆ ಹೇಳಿದ. ಹೇಳಿದ ರೀತಿಯಲ್ಲಿ, ಇನ್ನು ಇದರಲ್ಲಿ ನಿಮಗೆ ಕೆಲಸವಿಲ್ಲ ಎಂಬುದೂ ಇತ್ತು. ಅದು ನ್ಯಾಯವೇ.

ಊಟವಾದ ಮೇಲೆ ಸಮುದ್ರದ ಕಡೆ ಹೋಗಿ ಬಂದೆವು. ನೀರಿನ ಅಂಚಿನವರೆಗೂ ಬಂದು ನಿಂತ ಮರಳಿನ ದಿಬ್ಬಗಳು. ಸಫಿಯಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಮಗಳ ಮನೆಯ ವಿಷಯ,  ಮಂಗಳೂರಿನಲ್ಲಿ ಫ್ಲ್ಯಾಟು ಕೊಳ್ಳುವುದೋ ಬೇಡವೋ ಎಂಬ ವಿಷಯ, ನನ್ನ ಮಂಡಿನೋವು, ಎಲ್ಲ ಮಾತಾಡಿದೆವು. ಸಂಜೆ ಐದಕ್ಕೆ ಅವನು ನನ್ನನ್ನು ಮುಐದರ್‌ನಲ್ಲಿ ಇಳಿಸಿದ. ಕಾರಿನಿಂದ ಇಳಿದು ಎರಡೂ ಕೈಯಿಂದ ನನ್ನ ಕೈ ಹಿಡಿದು, "ನೀವು ಬಂದದ್ದು ಒಳ್ಳೇದಾಯ್ತು," ಎಂದ. ನಾನು ಅದನ್ನು ನಂಬಲು ಇವತ್ತಿಗೂ ಪ್ರಯತ್ನಿಸುತ್ತಿದ್ದೇನೆ.

ಭಾನುವಾರ ವಿದ್ಯಾ ರಜೆ ಹಾಕಿ ಊರು ತೋರಿಸಿದಳು. ಸೂಕ್ ಎಂಬ ಹಳೆಯ ಪೇಟೆಯಲ್ಲಿ ಗಿಡುಗ ಮಾರುವ ಅಂಗಡಿ, ಅತ್ತರಿನ ಅಂಗಡಿ, ತಂಗಿಗೆ ಕೇಸರಿ. ಎಲ್ಲವೂ ಚೆನ್ನಾಗಿತ್ತು. ನನಗೆ ಯಾವ ಕಟ್ಟಡದೊಳಗೆ ಹೋದರೂ ಮೇಲೆ ನೋಡುವ ಚಾಳಿ ಹತ್ತಿಕೊಂಡಿತ್ತು. "ಏನ್ ದೊಡ್ಡಮ್ಮ, ಎಲ್ಲಾ ಕಡೆ ಸೀಲಿಂಗ್ ನೋಡ್ತಿದ್ದೀರಲ್ಲ," ಎಂದಳು. ಅವಳಿಗೆ ಆಗ ಎಲ್ಲ ಹೇಳಿದೆ. ಅವಳು ಕಾರು ಓಡಿಸುತ್ತಲೇ ಕೇಳಿಸಿಕೊಂಡು, "ಅವರ ಅಪ್ಪನ ಹೆಸರೇನು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಅವರ ಕೈಯನ್ನು ಗುರುತಿಸಿ, ಆ ಕೈಯ ಕಾರಣಕ್ಕೇ ಮಗನ ಅಂಕ ಕಳೆದವಳು ನಾನು. ಎರಡು ವರ್ಷ ಅವನಿಗೆ ಪಾಠ ಮಾಡಿದ್ದೆ. ಈಗ ಎರಡು ದಿನ ಅವನ ಜೊತೆ ಕೂತು ಅವರ ಬಗ್ಗೆಯೇ ಮಾತಾಡಿದ್ದೆ. ಹೆಸರು ಕೇಳಿರಲಿಲ್ಲ.

ಸೋಮವಾರ ಮಧ್ಯಾಹ್ನ ವಿಮಾನದೊಳಗೆ ಕೂತ ಮೇಲೆ ಹಮೀದನಿಗೆ ಸಂದೇಶ ಕಳಿಸಿದೆ: 'ಈ ಪ್ರವಾಸದ ಬಗ್ಗೆ ಬರೆಯಬೇಕೆಂದಿದ್ದೇನೆ. ನಿನ್ನ ಹೆಸರು ಬದಲಿಸುತ್ತೇನೆ. ಅಪ್ಪನ ಹೆಸರನ್ನು ಇದ್ದ ಹಾಗೆ ಬರೆಯಲೇ? ಏನೆಂದು ತಿಳಿಸು.' ಅವನು ಕೆಲಸದಲ್ಲಿದ್ದ ಹೊತ್ತು. ಬಾಗಿಲು ಮುಚ್ಚಿ, ಫೋನ್ ಆರಿಸಲು ಹೇಳಿದ ಮೇಲೆ ಉತ್ತರ ಬಂತು.

'ಬರೀರಿ ಮೇಡಂ. ಅಪ್ಪ ಪೊಡಿಯಬ್ಬ. ಅಜ್ಜ ಇದಿನಬ್ಬ. ಅಜ್ಜನ ಅಪ್ಪನೂ ಇದೇ ಕೆಲಸ ಮಾಡಿದ್ದು. ಅವರ ಹೆಸರು ನಾನು ಅಪ್ಪನ ಹತ್ರ ಕೇಳಿಟ್ಟುಕೊಳ್ಳಲಿಲ್ಲ.'

ವಿಮಾನ ಸಮುದ್ರದ ಮೇಲೆ ಒಂದು ಸುತ್ತು ತಿರುಗಿತು. ದಕ್ಷಿಣಕ್ಕೆ, ಧೂಳಿನ ಆಚೆ, ಮೆಸಯೀದ್‌ನ ಜ್ವಾಲೆಗಳು ನಾಲ್ಕೈದು ಕಂಡವು. ರೆಕ್ಕೆ ಅಡ್ಡ ಬರುವವರೆಗೂ ನೋಡಿದೆ.